ಬುಗ್ಗೆ ತಣ್ಣಗಾದ ಹೊತ್ತು

“ಹಗ್ಗ ಸೊಂಟಕ್ಕೆ ಕಟ್ಕೊಳ್ಳಿ. ಗಂಟು ನಾನು ನೋಡ್ತೀನಿ.”

ಆ ದನಿ ಕೇಳಿದ್ದೇ ತಡ, ತುರ್ಫಾಳ ಕೈಯಲ್ಲಿದ್ದ ನೀರಿನ ಬಾಟಲಿ ಜಾರಿ ಬಿತ್ತು.

ಕಣಿವೆಯ ಬಾಯಲ್ಲಿ, ಕೆಂಪು ಬಂಡೆಗೆ ಒರಗಿ ನಿಂತಿದ್ದವನು ರಾಕಾನ್. ಕಳೆದ ವಸಂತದಲ್ಲಿ ನಲವತ್ತು ಹಿರಿಯರ ಜೊತೆ ಅವಳನ್ನು ಕೇಳಲು ಮನೆಗೆ ಬಂದು, ಕೇಳದೆಯೇ ಎದ್ದು ಹೋದವನು.

“ಅತ್ತೆ... ದಾರಿ ತೋರಿಸೋಕೆ ಒಬ್ಬ ಮುದುಕ ಬರ್ತಾನೆ ಅಂದಿದ್ದೆಯಲ್ಲ?”

“ಮುದುಕನಿಗೆ ಮಂಡಿನೋವಂತೆ ಕಣೇ,” ಎಂದಳು ಹಜ್ ಮುಗಿಸಿ ಬಂದಿದ್ದ ಅತ್ತೆ, ಹಾಜ್ಜಾ ನೌಫಾ, ತನ್ನ ಮಂಡಿಯನ್ನೇ ಉಜ್ಜಿಕೊಳ್ಳುತ್ತ. “ಅವನೂ ಕುಂಟಿ, ನಾನೂ ಕುಂಟಿದ್ರೆ ಇಬ್ಬರನ್ನೂ ನೀನು ಹೊತ್ಕೊಂಡು ಬರ್ತಿದ್ಯಾ?”

ತುರ್ಫಾ ಹಿಂದಿರುಗಿಬಿಡುತ್ತಿದ್ದಳು. ಆದರೆ ಅತ್ತೆ ಮೂರು ವಾರದಿಂದ ನರಳುತ್ತಿದ್ದಳು. ಕಣಿವೆಯೊಳಗಿನ ಬಿಸಿನೀರ ಬುಗ್ಗೆಯಲ್ಲಿ ಕಾಲು ಇಳಿಬಿಟ್ಟರೆ ಮಾತ್ರ ಗುಣ ಎಂದು ಹಟ ಹಿಡಿದಿದ್ದಳು. ಅಮ್ಮ ಹೋದ ಮೇಲೆ ಸಾಕಿದವಳು. ಇಲ್ಲ ಎನ್ನುವುದು ಹೇಗೆ?

ರಾಕಾನ್ ಒಂದು ಮಾರು ದೂರದಲ್ಲೇ ನಿಂತು, ಅವಳು ಹಾಕಿದ ಗಂಟನ್ನು ಕಣ್ಣಲ್ಲೇ ಪರೀಕ್ಷಿಸಿದ.

‘ಇವನ ಹಗ್ಗಕ್ಕೆ ನನ್ನ ಜೀವ ಕಟ್ಟಬೇಕೇ? ಎಲ್ಲರೂ ನೋಡುತ್ತಿರುವಾಗಲೇ ಬಿಟ್ಟು ಹೋದವನು, ಯಾರೂ ಕಾಣದ ಕಡೆ ಹಿಡಿದಾನೇ...’

ಅಂದು ಅವಳು ಪರದೆಯ ಸಂದಿಯಿಂದ ಎಲ್ಲವನ್ನೂ ನೋಡಿದ್ದಳು. ಹೆಣ್ಣು ಕೇಳಲು ಬಂದವರು ಮುಂದಿಟ್ಟ ಕಾಫಿಯನ್ನು ಮುಟ್ಟುವುದಿಲ್ಲ. “ಕುಡಿಯಿರಿ, ಬಂದ ಕೆಲಸ ಆಯಿತು” ಎಂದು ಹುಡುಗಿಯ ತಂದೆ ಹೇಳಿದ ಮೇಲೆಯೇ ತುಟಿಗಿಡುವುದು. ರಾಕಾನ್ ಮಾತ್ರ, ಅವನ ಪರವಾಗಿ ಕೇಳಬೇಕಿದ್ದ ಅವನ ದೊಡ್ಡಪ್ಪ ಬಾಯಿ ತೆರೆಯುವ ಮೊದಲೇ, ಬಟ್ಟಲೆತ್ತಿ ಒಂದೇ ಗುಟುಕಿಗೆ ಕುಡಿದುಬಿಟ್ಟಿದ್ದ. ಹಾಗೆ ಕುಡಿದವನು ಬರೀ ಅತಿಥಿ. ಅತಿಥಿಗೆ ಕೇಳುವುದೇನೂ ಇರುವುದಿಲ್ಲ.

ಅವನು ಕುಡಿದದ್ದು ಒಂದು ಗುಟುಕು. ಊರು ಆ ಕಾಫಿಯನ್ನು ವರ್ಷವಿಡೀ ಕುಡಿಯಿತು.

ಚಿಕಿತ್ಸಾಲಯದಲ್ಲಿ ದಾದಿಯಾಗಿದ್ದ ಅವಳ ಹತ್ತಿರ ಅಂಗೈಯ ಒಂದೇ ಗಾಯಕ್ಕೆ ನಾಲ್ಕು ಸಲ ಪಟ್ಟಿ ಹಾಕಿಸಿಕೊಂಡವನೂ ಇವನೇ. ಗಾಯ ಅವನಿಗೆ ವಾಸಿಯಾಯಿತು.

ನಡಿಗೆ ಶುರುವಾಯಿತು. ಗೋಡೆಗಳು ಎತ್ತರವಾಗುತ್ತ ಹೋದಂತೆ ಆಕಾಶ ಒಂದು ನೀಲಿ ಲಾಡಿಯಷ್ಟೇ ಉಳಿಯಿತು. ನಮ್ಮಲ್ಲಿ ಇಂಥ ಕಣಿವೆಯನ್ನು ವಾದಿ ಎನ್ನುತ್ತಾರೆ. ವಾದಿಯ ಜೊತೆ ವಾದಕ್ಕಿಳಿದು ಗೆದ್ದವರಿಲ್ಲ. ಎಲ್ಲೋ ಮೂರು ಬೆಟ್ಟದಾಚೆ ಮಳೆ ಬಿದ್ದರೂ ಇಲ್ಲಿ ಬಿಸಿಲಲ್ಲಿ ನಿಂತವನು ಕೊಚ್ಚಿಹೋಗುತ್ತಾನೆ.

ರಾಕಾನ್ ಮತ್ತೆ ಮತ್ತೆ ಮೇಲೆ ನೋಡುತ್ತಿದ್ದ. ಅವನು ನೋಡಿದಾಗಲೆಲ್ಲ ತುರ್ಫಾಳೂ ತಲೆಯೆತ್ತುತ್ತಿದ್ದಳು.

“ಏನಾದ್ರೂ ಇದೆಯಾ?” ಕೇಳಬಾರದೆಂದುಕೊಂಡಿದ್ದರೂ ಕೇಳಿದಳು.

“ಬೆಳಿಗ್ಗೆ ಇರಲಿಲ್ಲ.”

“ಈಗ?”

“ಈಗ ಬೇಗ ಹೋಗಿ ಬೇಗ ಬರೋಣ.”

ಬುಗ್ಗೆ ಸಿಕ್ಕಿತು. ಬಂಡೆಯ ಬಿರುಕಿನಿಂದ ಹಬೆಯಾಡುವ ನೀರು ಇಳಿದು, ಹಸಿರು ಪಾಚಿಯ ಹೊಂಡದಲ್ಲಿ ತುಂಬಿ, ತೊರೆಗೆ ಸೇರುತ್ತಿತ್ತು. ಹೆಂಗಸರು ನೀರಿಗಿಳಿದಾಗ ಗಂಡಸು ತಿರುವಿನ ಆಚೆ ನಿಲ್ಲಬೇಕು, ಕರೆಯದೆ ಬರಕೂಡದು.

“ಆಚೆ ಇರ್ತೀನಿ. ಕೂಗಿದ್ರೆ ಉತ್ತರ ಕೊಡಿ. ಅಷ್ಟು ಸಾಕು,” ಎಂದು, ಅವರು ಬಿಚ್ಚಿಕೊಟ್ಟ ಹಗ್ಗವನ್ನು ಹೆಗಲಿಗೆ ಸುತ್ತಿಕೊಂಡು ಅವನು ಮರೆಯಾದ.

ಬಿಸಿನೀರು ಕಾಲಿಗೆ ತಾಕುತ್ತಲೇ ಹಾಜ್ಜಾ ಕಣ್ಣು ಮುಚ್ಚಿದಳು. ತುರ್ಫಾಳಿಗೆ ಮಾತ್ರ ಹಿತವೆನಿಸಲಿಲ್ಲ. ದಡದ ಕೆಸರಿನಲ್ಲಿ ಆಡುಗಳ ಹೆಜ್ಜೆಗಳಿದ್ದವು, ಎಲ್ಲವೂ ಮೇಲಕ್ಕೆ ಹೋಗಿದ್ದವು. ಇಳಿದು ಬಂದದ್ದು ಒಂದೂ ಇರಲಿಲ್ಲ.

“ತುರ್ಫಾ, ಬರಲಾ?” ತಿರುವಿನಾಚೆಯಿಂದ ದನಿ.

ಅವಳು ತುಟಿ ಬಿಗಿದಳು. ‘ಕೂಗಲಿ. ವರ್ಷವಿಡೀ ನಾನು ಕಾದಿದ್ದೇನೆ. ಅರೆಗಳಿಗೆ ಇವನೂ ಕಾಯಲಿ.’

“ತುರ್ಫಾ, ಏನಾದ್ರೂ ಹೇಳು. ಬರಲಾ?”

“ಹೇಳೇ,” ಎಂದಳು ಅತ್ತೆ.

“ಸುಮ್ನಿರು ಅತ್ತೆ.”

ಮೂರನೆಯ ಸಲ ಅವನು ಕೂಗಿದ್ದು ಕೇಳಿಸಿತೋ ಇಲ್ಲವೋ... ಅಷ್ಟರಲ್ಲಿ ಅವಳ ಪಾದದ ಸುತ್ತ ನೀರು ಬದಲಾಗಿತ್ತು. ಬಿಸಿ ಹೋಗಿ ಬೆಚ್ಚಗಾಯಿತು. ಬೆಚ್ಚಗಿದ್ದದ್ದು ತಣ್ಣಗಾಯಿತು. ತೊರೆ ಉಕ್ಕಿ ಹೊಂಡದೊಳಕ್ಕೆ ನುಗ್ಗುತ್ತಿತ್ತು. ಒದ್ದೆ ಧೂಳಿನ ವಾಸನೆ ಹೊತ್ತ ತಂಗಾಳಿ ಕಣಿವೆಯ ಒಳಗಿನಿಂದ ಮುಖಕ್ಕೆ ಬಡಿಯಿತು. ದೂರದಲ್ಲಿ ಯಾರೋ ಕಲ್ಲಿನ ಗಾಡಿಯೊಂದನ್ನು ಉರುಳಿಸಿದಂಥ ಸದ್ದು, ನಿಲ್ಲದ ಸದ್ದು.

ವರ್ಷದಿಂದ ಉಚ್ಚರಿಸದ ಹೆಸರು, ಈಗ ದನಿಯೇ ಇಲ್ಲದೆ ಹೊರಟಿತು.

“ರಾಕಾನ್... ಬಾ.”

ಮತ್ತೆ, ಎದೆ ಹರಿಯುವಂತೆ: “ರಾಕಾನ್, ಬಾ!”

ಅವನು ಆಗಲೇ ಓಡಿ ಬರುತ್ತಿದ್ದ. “ಮೇಲೆ, ಆ ಚಾಚುಬಂಡೆಗೆ. ಮೊದಲು ಹಾಜ್ಜಾನ ನಾನು ಎತ್ತಿ...”

ಎತ್ತುವುದೇನು ಬಂತು. ಮಂಡಿನೋವಿನ ಹಾಜ್ಜಾ ನೌಫಾ ಲಂಗ ಎತ್ತಿ ಕಟ್ಟಿ, ಕಾಡುಮೇಕೆಯ ಹಾಗೆ ನಾಲ್ಕು ನೆಗೆತಕ್ಕೆ ಬಂಡೆಯ ಮೇಲಿದ್ದಳು.

“ಅತ್ತೆ, ನಿನ್ನ ಮಂಡಿ...”

“ಮಂಡಿ ಆಮೇಲೆ. ನೀನು ಹತ್ತು ಮೊದಲು.”

ರಾಕಾನ್ ಹಿಂದೆಯೇ ಹತ್ತಿ ಹಗ್ಗ ಇಳಿಬಿಟ್ಟ. ತುರ್ಫಾ ಅದನ್ನು ಸೊಂಟಕ್ಕೆ ಸುತ್ತಿ ಗಂಟು ಬಿಗಿದು, ಎರಡಾಳು ಎತ್ತರ ಏರಿದಳು. ಅಲ್ಲಿ ಕಾಲು ಜಾರಿತು. ಎರಡೂ ಕೈಯಿಂದ ಹೊರಚಾಚಿದ ಕಲ್ಲೊಂದನ್ನು ತಬ್ಬಿ ನೇತಾಡಿದಳು. ಕಣಿವೆಯ ಮೇಲಿನ ತಿರುವಿನಲ್ಲಿ ಕಂದು ಗೋಡೆಯೊಂದು ಕಾಣಿಸಿತು. ನೀರಲ್ಲ ಅದು, ಕೆಸರು, ಬಂಡೆ, ಬುಡಮೇಲಾದ ಮರ ಎಲ್ಲ ಒಟ್ಟಾಗಿ ನಡೆದು ಬರುತ್ತಿತ್ತು.

“ಕೈ ಬಿಡು, ಎಳ್ಕೋತೀನಿ.”

“ಕೈಬಿಡೋದು ನಿನಗೆ ಗೊತ್ತು. ನನಗೆ ಗೊತ್ತಿಲ್ಲ,” ಎಂದಳು.

“ಬೈಯಿ, ಮೇಲೆ ಬಂದು ಬೈಯಿ. ತುರ್ಫಾ, ಇಲ್ಲಿ ನೋಡು. ಹಗ್ಗದ ಈ ತುದಿ ಬಂಡೆಗಲ್ಲ, ನನ್ನ ಸೊಂಟಕ್ಕೆ ಕಟ್ಟಿದೆ. ನೀನು ಹೋದ್ರೆ ನಾನೂ ಬರ್ತೀನಿ.”

ಅವಳು ನೋಡಿದಳು. ಅವನ ಮುಖವೂ ಅವಳದರಷ್ಟೇ ಬಿಳಿಚಿಕೊಂಡಿತ್ತು. ಅವನಿಗೂ ಭಯವಿದೆ... ಆ ಒಂದು ಸಂಗತಿ ಯಾಕೋ ಅವಳ ಬೆರಳುಗಳನ್ನು ಸಡಿಲಿಸಿತು.

ಬಿಟ್ಟಳು.

ಒಂದು ಕ್ಷಣ ಕೆಳಗೆ ಏನೂ ಇರಲಿಲ್ಲ. ಆಮೇಲೆ ಸೊಂಟ ಕತ್ತರಿಸುವಂತೆ ಹಗ್ಗ ಬಿಗಿಯಿತು. ಪ್ರವಾಹ ಅವಳ ಒಂದು ಚಪ್ಪಲಿಯನ್ನು ಕಸಿದುಕೊಂಡು, ಬುಗ್ಗೆಯನ್ನು ನುಂಗಿ, ಗುಡುಗುತ್ತ ಹೋಯಿತು. ಅವಳು ಚಾಚುಬಂಡೆಯ ಮೇಲೆ ಮಕಾಡೆ ಬಿದ್ದಿದ್ದಳು, ಉಸಿರಾಡುತ್ತಿದ್ದಳು.

ಕೆಳಗೆ ಒಂದು ಸತ್ತ ಆಡು ತೇಲಿಹೋಯಿತು. ಮೂವರೂ ಅದನ್ನು ಕಾಣದವರಂತೆ ಕೂತರು.

ಮೊದಲು ಬಾಯಿಬಿಟ್ಟವಳು ಹಾಜ್ಜಾ. ಎಲ್ಲರ ದನಿಯನ್ನೂ ಅಣಕಿಸಿ ಮದುವೆಮನೆಗಳನ್ನು ನಗಿಸುವವಳು, ಈಗ ತನ್ನ ದನಿಯನ್ನೇ ಮರೆತವಳಂತೆ ಮಾತಾಡಿದಳು.

“ಮಂಡಿಗೆ ಏನೂ ಆಗಿಲ್ಲ ಕಣೇ. ನಿಮ್ಮಿಬ್ಬರನ್ನ ಮಾತಾಡಿಸೋಕೆ ಬೇರೆ ದಾರಿ ಕಾಣಲಿಲ್ಲ. ಕೊಂದೇಬಿಡ್ತಿದ್ನಲ್ಲ...”

“ಏನು ಮಾತಾಡೋದಿತ್ತು?”

“ಆವತ್ತು ಒಳಗೆ ನೀನು ಅಳ್ತಿದ್ದೆ. ನಿಮ್ಮಪ್ಪ ಗೊತ್ತಲ್ಲ.” ಅವಳು ಗಂಟಲು ಕೆರೆದು, ಗದ್ದ ಎತ್ತಿ, ಥೇಟ್ ಅಣ್ಣನಾದಳು: “‘ನಲವತ್ತು ಗಡ್ಡ ನನ್ನ ಮನೆಗೆ ಬಂದ ಮೇಲೆ ಹುಡುಗೀನ ಏನು ಕೇಳೋದು?’ ಹಾಗಂತಿದ್ದ. ನಾನು ಬಾಗಿಲಲ್ಲಿ ಇವನಿಗೆ ಹೇಳಿದೆ, ಮಗನೇ, ಹುಡುಗೀನ ಯಾರೂ ಕೇಳಿಲ್ಲ, ಒಳಗೆ ಅಳ್ತಿದಾಳೆ ಅಂತ.”

ತುರ್ಫಾ ನಿಧಾನವಾಗಿ ರಾಕಾನ್‌ನ ಕಡೆ ತಿರುಗಿದಳು.

“ದೊಡ್ಡಪ್ಪ ಬಾಯಿ ತೆರೆದಿದ್ರೆ ನಿಮ್ಮಪ್ಪ ಹೂಂ ಅಂದುಬಿಡ್ತಿದ್ರು,” ಎಂದನವನು. “ಆಮೇಲೆ ನೀನು ಬೇಡ ಅಂದ್ರೂ ಯಾರು ಕೇಳ್ತಿದ್ರು? ಅದಕ್ಕೇ ಕುಡಿದೆ. ಅಷ್ಟು ಕಹಿ ಕಾಫಿ ನಾನು ಇನ್ನೆಲ್ಲೂ ಕುಡಿದಿಲ್ಲ.”

“ನಾನು ಅತ್ತಿದ್ದು ಅಮ್ಮನ್ನ ನೆನಸ್ಕೊಂಡು,” ಎಂದಳು ತುರ್ಫಾ. “ಇಷ್ಟು ಒಳ್ಳೇ ದಿನ ನೋಡೋಕೆ ಅವಳಿಲ್ಲವಲ್ಲ ಅಂತ.”

“ಅದನ್ನ ನೀನು ನನಗೆ ಹೇಳಿದ್ದು ಮೂರು ವಾರದ ಹಿಂದೆ,” ಎಂದಳು ಹಾಜ್ಜಾ. “ಅವತ್ತಿಂದಲೇ ಮಂಡಿನೋವು.”

ರಾಕಾನ್ ಮುಖ ಮುಚ್ಚಿಕೊಂಡ. ತುರ್ಫಾಳಿಗೆ ಸಿಟ್ಟು ಬಂತು. ಭಯ ಇಳಿಯದ ಮೈಯಲ್ಲಿ ಸಿಟ್ಟೂ ನಡುಗುತ್ತಲೇ ಬಂತು.

“ಯಾರೂ ಕೇಳಲಿಲ್ಲ ಅಂತ ಎದ್ದು ಹೋದೆ. ನೀನು ಕೇಳಿದ್ಯಾ? ಒಂದು ವರ್ಷ ಇತ್ತಲ್ಲ.”

“ಇಲ್ಲ,” ಎಂದನವನು. “ಬೇಡ ಅಂತೀಯೇನೋ ಅನ್ನೋ ಭಯ. ಅದಕ್ಕೆ ಮರ್ಯಾದೆ ಅಂತ ಹೆಸರಿಟ್ಕೊಂಡಿದ್ದೆ.”

ಹಾಜ್ಜಾ ಎದ್ದು, ಅವರಿಗೆ ಬೆನ್ನು ಹಾಕಿ, ಬಂಡೆಗೆ ಮುಖ ಮಾಡಿ ಕೂತಳು. “ನನಗೆ ನೀರಿನ ಸದ್ದಲ್ಲಿ ಏನೂ ಕೇಳಿಸ್ತಿಲ್ಲ. ಕೇಳಿಸಿದ್ರೂ ನೆನಪಿರಲ್ಲ.”

“ತುರ್ಫಾ, ನಿಮ್ಮಪ್ಪನ್ನ ಆಮೇಲೆ ಕೇಳ್ತೀನಿ. ಮೊದಲು ನಿನ್ನ ಕೇಳ್ತೀನಿ. ನನ್ನ ಜೊತೆ ಬದುಕ್ತೀಯಾ?”

ಅವಳು ಕೆಳಗೆ ನೋಡಿದಳು. ನೀರು ಚಾಚುಬಂಡೆಗೆ ಒಂದಾಳು ಕೆಳಗಿತ್ತು. ಇನ್ನೂ ಏರಬಹುದಿತ್ತು.

“ಈಗ ಏನಂದ್ರೂ ಅದು ಭಯದ ಮಾತಾಗುತ್ತೆ. ನೀರು ಇಳೀಲಿ.”

“ಆಗಲಿ.”

ಅವನು ಮತ್ತೆ ಕೇಳಲಿಲ್ಲ. ತನ್ನ ಮೇಲಂಗಿ ಬಿಚ್ಚಿ ಅವಳ ಪಕ್ಕದಲ್ಲಿಟ್ಟ. ಹೊದೆಸಲು ಹೋಗಲಿಲ್ಲ. ಅವಳೇ ತೆಗೆದು ಹೊದ್ದುಕೊಂಡಳು. ಬಿಸಿಲು ಗೋಡೆಯ ಮೇಲೆ ಮೆಲ್ಲಗೆ ಸರಿಯಿತು. ಗುಡುಗು ಮೊರೆತವಾಯಿತು, ಮೊರೆತ ಗೊಣಗಾಟವಾಯಿತು. ಒಂದೊಂದಾಗಿ ಬಂಡೆಗಳು ತಲೆಯೆತ್ತಿದವು. ಕೆಸರಿನ ನಡುವೆ ಎಲ್ಲಿಂದಲೋ ಒಂದು ಎಳೆ ಹಬೆ ಎದ್ದಿತು.

ಅವಳು ಉಳಿದ ಒಂದು ಚಪ್ಪಲಿಯನ್ನೂ ಕಳಚಿ ಪಕ್ಕಕ್ಕಿಟ್ಟಳು. ಅವನು ನೋಡಿದ.

“ಇಳೀತಲ್ಲ,” ಎಂದಳು.

“ಹೂಂ.”

“ಅದನ್ನ ನಾನು ಅನ್ನಬೇಕಿತ್ತು.”

“ಯಾವುದನ್ನ?”

“ಈಗ ನೀನು ಅಂದ್ಯಲ್ಲ, ಅದನ್ನ.”

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಉಸಿರಾಡಲೂ ಹೆದರಿದವನಂತೆ ಕೇಳಿದ: “ಹಾಗಾದ್ರೆ... ಅನ್ನು.”

“ಹೂಂ,” ಎಂದಳು ತುರ್ಫಾ.