ಮೇಷ್ಟ್ರ ಸಹಿ

ದೆವ್ವಗಿವ್ವ ನಂಬುವವನಲ್ಲ ನಾನು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಫೈಲುಗಳಿಗೆ ಬೀಗ ಹಾಕುವ ಒಂದು ಉಚಿತ ಸಾಫ್ಟ್‌ವೇರನ್ನು ಮೇಷ್ಟ್ರೂ ನಾನೂ ನೋಡಿಕೊಳ್ಳುತ್ತಿದ್ದೆವು. ಹೊಸ ಆವೃತ್ತಿ ಹೊರಬೀಳಬೇಕಾದರೆ ಇಬ್ಬರ ಡಿಜಿಟಲ್ ಸಹಿಯೂ ಬೇಕು. ಪ್ರತಿ ಸಾಲನ್ನೂ ಗಟ್ಟಿಯಾಗಿ ಓದದೆ ಮೇಷ್ಟ್ರು ಸಹಿ ಹಾಕಿದವರಲ್ಲ. ಅವರು ತೀರಿಕೊಂಡ ಮೇಲೆ, ಅವರೇ ಹೇಳಿಟ್ಟಂತೆ, ಸಹಿಯ ಕೀಲಿಯಿದ್ದ ಪೆನ್‌ಡ್ರೈವನ್ನು ಅವರ ಹೆಂಡತಿ ನನ್ನೆದುರೇ ಸುತ್ತಿಗೆಯಿಂದ ಜಜ್ಜಿ, ಚೂರುಗಳನ್ನು ಬಾಟಲಿಗೆ ತುಂಬಿದರು. ಆ ಕೀಲಿಗೆ ಬೇರೆ ನಕಲು ಇರಲಿಲ್ಲ; ಅದಿಲ್ಲದೆ ಅವರ ಸಹಿ ಹಾಕಲು ಯಾರಿಂದಲೂ ಆಗದು.

ಮೂರು ತಿಂಗಳ ಬಳಿಕ, ಮಟಮಟ ಮಧ್ಯಾಹ್ನ, ಇನ್ನು ಒಬ್ಬರ ಸಹಿಯೇ ಸಾಕೆಂದು ನಿಯಮ ಬದಲಿಸಿ, ಹೊಸ ಆವೃತ್ತಿಗೆ ನನ್ನ ಸಹಿ ಹಾಕಿದೆ. ನೋಡಿದರೆ ಪಕ್ಕದಲ್ಲೇ ಮೇಷ್ಟ್ರ ಸಹಿ, ಹಾಕಿದ ಹೊತ್ತಿನ ಸಮೇತ. ಪರೀಕ್ಷಿಸಿದೆ. ‘ಹೊಂದುತ್ತಿಲ್ಲ’ ಎಂದು ಬಂತು. ಸದ್ಯ, ಯಾರದೋ ಕಿತಾಪತಿ ಎಂದು ಉಸಿರುಬಿಟ್ಟೆ.

ಆದರೂ ಮನಸ್ಸು ತಡೆಯಲಿಲ್ಲ. ಅವರಂತೆಯೇ ಗಟ್ಟಿಯಾಗಿ ಓದತೊಡಗಿದೆ. ಉಸಿರೆಳೆದುಕೊಳ್ಳಲು ನಾನು ನಿಂತಾಗಲೂ ಓದುವ ದನಿ ನಿಲ್ಲಲಿಲ್ಲ. ಒಂದು ಸಾಲಿಗೆ ಬಂದಾಗ ತಾನಾಗಿ ನಿಂತಿತು. ಪರೀಕ್ಷೆಗೆಂದು ನಾನೇ ಸೇರಿಸಿ, ತೆಗೆಯಲು ಮರೆತಿದ್ದ ಸಾಲು ಅದು. ಹಾಗೇ ಹೊರಹೋಗಿದ್ದರೆ ಬಳಸುವವರೆಲ್ಲರ ಪಾಸ್‌ವರ್ಡೂ ಬಯಲಾಗುತ್ತಿತ್ತು. ಕೂಡಲೇ ಅಳಿಸಿದೆ.

ಒಂದಕ್ಷರ ಬದಲಾದರೂ ಹಳೆಯ ಸಹಿ ಹೊಂದುವುದಿಲ್ಲ. ಮತ್ತೆ ಪರೀಕ್ಷಿಸಿದಾಗ ನನ್ನ ಸಹಿ ಕೆಟ್ಟಿತ್ತು.

ಮೇಷ್ಟ್ರದು ಹೊಂದಿತ್ತು.

ಅವರ ಮನೆಗೆ ಫೋನ್ ಮಾಡಿದೆ. “ಅಮ್ಮಾ, ಆ ಬಾಟಲಿ ಇದೆಯಾ?”

“ಇಲ್ಲೇ ಇದೆಯಪ್ಪಾ, ಮುಚ್ಚಳಾನೂ ತೆಗೆದಿಲ್ಲ. ಯಾಕೋ ಬೆಳಿಗ್ಗೆಯಿಂದ ಮುಟ್ಟಿದ್ರೆ ಬೆಚ್ಚಗಿದೆ.”

ಕುರ್ಚಿಯಿಂದ ಎದ್ದು ನಿಂತು ಕೈಮುಗಿದೆ. ಆ ಸಾಲನ್ನು ನಾನು ಅಳಿಸಿದ್ದು ಎರಡೂವರೆಗೆ. ಅದಿಲ್ಲದ ಫೈಲಿಗೆ ಮೇಷ್ಟ್ರು ಸಹಿ ಹಾಕಿದ್ದು ಹನ್ನೆರಡು ಗಂಟೆಗೆ.