ಅಂಗಿ ಸಡಿಲವಾಗಲೇ ಇಲ್ಲ

"ಉಸಿರು ಬಿಡಿ. ಹೊಟ್ಟೆ ಒಳಗೆ ಎಳ್ಕೊಂಡ್ರೆ ಅಳತೆ ಸುಳ್ಳಾಗತ್ತೆ."

ಟೇಲರ್ ಅವನ ಸೊಂಟಕ್ಕೆ ಟೇಪು ಸುತ್ತಿ ನಿಂತಿದ್ದ. ಗೋಡೆಗೆ ಬಣ್ಣ ಬಳಿಯುವ ಆ ಪೇಂಟರ್ ಉಸಿರು ಬಿಡಲಿಲ್ಲ. ಇಷ್ಟು ಹತ್ತಿರದಲ್ಲಿ ಇನ್ನೊಬ್ಬ ಗಂಡಸಿನ ಮುಖ... ಕಿವಿ ಬಿಸಿಯಾಯಿತು.

"ಏನ್ರೀ, ಬಾವೀಲಿ ಮುಳುಗಿದ್ದೀರಾ?"

ಪೇಂಟರ್ ನಕ್ಕುಬಿಟ್ಟ. ಹೊಟ್ಟೆ ಹೊರಗೆ ಬಂತು. ಟೇಲರ್ ಅದನ್ನು ಆಡಿಕೊಳ್ಳದೆ ಅಳತೆ ಬರೆದುಕೊಂಡ. ಪೇಂಟರ್ ಮನಸ್ಸು ಸೋತದ್ದು ಅಲ್ಲೇ!

ಅಂಗಡಿಯ ಹಿಂದಿನ ಕೋಣೆಯಲ್ಲಿ ಇಬ್ಬರೂ ಒಟ್ಟಿಗೆ ಇರತೊಡಗಿ ವರ್ಷಗಳಾದವು. ಒಂದು ಸಂಜೆ, ತಮ್ಮಂಥ ಗಂಡಸರೇ ಸೇರಿದ್ದ ಗೆಳೆಯನ ಮನೆಯಲ್ಲಿ, ಯಾರೋ ಪೇಂಟರ್ ಹೊಟ್ಟೆ ತಟ್ಟಿದರು.

"ಟೇಲರ್‌ಗೆ ಬಟ್ಟೆ ಖರ್ಚು ಜಾಸ್ತಿ ಕಣಪ್ಪಾ!"

ಎಲ್ಲರೂ ನಕ್ಕರು. ಟೇಲರ್ ಕೂಡ.

'ದಿನವಿಡೀ ಚೆಂದದ ಮೈಗಳನ್ನು ಅಳೆಯುವವನು... ಎಷ್ಟು ದಿನ ನನ್ನನ್ನು ಸಹಿಸಿಯಾನು?'

ಪೇಂಟರ್ ಬೆಳಗಿನ ತಿಂಡಿ ಬಿಟ್ಟ. ಆಮೇಲೆ ರಾತ್ರಿಯ ಊಟ. ಕೇಳಿದರೆ, "ಕೆಲಸದ ಮನೇಲೇ ತಿಂದೆ."

ಆದರೆ ಅಂಗಿ ಸಡಿಲವಾಗಲಿಲ್ಲ! ಒಗೆದು ಬಂದಾಗಲೆಲ್ಲ ಮೊದಲಿನಷ್ಟೇ ಬಿಗಿ. "ಕಡ್ಡಿ ಆಗಿದ್ದೀಯಲ್ಲೋ!" ಎಂದು ಅಕ್ಕ ಗದರಿದರೂ ನಂಬಲಿಲ್ಲ. ಅಕ್ಕಂದಿರ ಕಣ್ಣಿಗೆ ತಮ್ಮಂದಿರು ಯಾವಾಗಲೂ ಒಣಕಲೇ. ಮಧ್ಯಾಹ್ನದ ಡಬ್ಬಿಯನ್ನೂ ಬಿಟ್ಟ.

ಕೊನೆಗೊಂದು ದಿನ ಏಣಿಯ ಮೇಲೆ ಕಣ್ಣು ಕತ್ತಲಿಟ್ಟು ಕೆಳಗೆ ಬಿದ್ದ.

"ಕಾಲು ಉಳುಕಿದೆ, ಅಷ್ಟೇ. ರಕ್ತದಲ್ಲಿ ಬೇರೆ ಕಾಯಿಲೆ ಏನೂ ಇಲ್ಲ," ಎಂದರು ಡಾಕ್ಟರಮ್ಮ. "ಆದ್ರೆ ಇವರು ಊಟಾನೇ ಮಾಡ್ತಿಲ್ಲ."

ಅವರು ಆಚೆ ಹೋದರು. ಟೇಲರ್ ಸ್ಟೂಲಿನ ಮೇಲೆ ಕುಸಿದು ಕೂತ.

"ಕಾಯಿಲೆ ಇಲ್ವಾ... ನಾನು ಆ ಏಡ್ಸ್ ಕಾಯಿಲೆನೇ ಅಂದ್ಕೊಂಡಿದ್ದೆ ಕಣೋ. ಕೇಳೋಕೆ ಧೈರ್ಯ ಬರ್ಲಿಲ್ಲ. ಅಂಗಿ ಜೋಲಾಡಿದ್ರೆ ನಮ್ಮಂಥವರ ಬಗ್ಗೆ ಜನ ಏನಂತಾರೆ ಗೊತ್ತಲ್ಲ. ಅದಕ್ಕೇ..."

"ಅದಕ್ಕೆ?"

"ಒಗೆದಾಗೆಲ್ಲ ಪಕ್ಕದ ಹೊಲಿಗೆ ಒಳಗೆ ಹಿಡಿದು ಬಿಗಿ ಮಾಡ್ದೆ. ನಿನ್ನ ಎಲ್ಲಾ ಅಂಗೀದೂ."

ಪೇಂಟರ್‌ಗೆ ಅಳುವುದಕ್ಕೂ ತ್ರಾಣವಿರಲಿಲ್ಲ.

"ನೀನು ಹಿಡೀತಾ ಹೋದೆ. ನಾನು ಹಸೀತಾ ಹೋದೆ."

"ಯಾಕೋ ಹಸಿದೆ?"

"ಅವತ್ತು ಗೆಳೆಯನ ಮನೇಲಿ ನನ್ನ ಹೊಟ್ಟೆ ತಟ್ಟಿದಾಗ ನೀನೂ ನಕ್ಕೆ."

ಟೇಲರ್ ತಲೆ ತಗ್ಗಿಸಿದ. "ನಕ್ಕೆ. ನಾಲ್ಕು ಜನ ನಕ್ಕರೆ ನಗೋದು ಅಭ್ಯಾಸ ಆಗ್ಬಿಟ್ಟಿದೆ. ತಪ್ಪಾಯ್ತು... ನಿನ್ನ ಬಿಟ್ಟು ನಾನೆಲ್ಲಿಗೆ ಹೋಗ್ಲಿ?"

ಮನೆಗೆ ಬಂದವನೇ ಟೇಲರ್ ಅನ್ನಕ್ಕಿಟ್ಟು, ಬ್ಲೇಡು ಹಿಡಿದು ಒಂದೊಂದೇ ಹೊಲಿಗೆ ಬಿಚ್ಚಿದ. ಪೇಂಟರ್ ಅಂಗಿ ತೊಟ್ಟ. ಇನ್ನೊಬ್ಬರದೇನೋ ಎಂಬಂತೆ ಅದು ಮೈಮೇಲೆ ಜೋತುಬಿತ್ತು. ಕನ್ನಡಿಯಲ್ಲಿ ತನ್ನನ್ನು ಕಂಡು ಅವನಿಗೇ ಹೆದರಿಕೆಯಾಯಿತು.

"ಜನ ನೋಡಿದ್ರೆ?"

"ನೋಡ್ಲಿ."

ಟೇಲರ್ ಟೇಪು ಸುತ್ತಿದ. ಅಭ್ಯಾಸಬಲದಿಂದ ಪೇಂಟರ್ ಹೊಟ್ಟೆಯನ್ನು ಒಳಗೆಳೆದುಕೊಂಡ.

"ಉಸಿರು ಬಿಡು."

ಬಿಟ್ಟ.

"ಎಷ್ಟಿದೆ?"

ಟೇಲರ್ ಟೇಪಿನ ಕಡೆ ನೋಡಲೇ ಇಲ್ಲ. "ಮೊದ್ಲು ಊಟ ಮಾಡು... ಆಮೇಲೆ ಹೇಳ್ತೀನಿ."