ತಟ್ಟೆಯಲ್ಲಿ ಗಡ್ಡದ ತಾತ

ಜಿಂಕೆ ಯಾವ ದೇಶದಲ್ಲಿ ಬೇಕಾದರೂ ಇರಬಹುದಲ್ಲವೇ? ಬಂಡೀಪುರದಲ್ಲೂ ಇದೆ. ಹಾಗಿರುವಾಗ ಈ ಜಿಂಕೆ ಅಲ್ಲಿಯದೇ ಎಂದು ಯಾಕೆ ಅಂದುಕೊಳ್ಳಬೇಕು?

ಅನಂತಪದ್ಮನಾಭ ಬೆಳ್ಳಿ ತಟ್ಟೆಯಲ್ಲಿದ್ದ ಚಿನ್ನದ ನಾಣ್ಯವನ್ನು ಇನ್ನೊಮ್ಮೆ ಬಗ್ಗಿ ನೋಡಿದ. ನಾಣ್ಯದ ಮೇಲೆ ಜಿಂಕೆ ಕಾಲೆತ್ತಿ ಓಡುತ್ತಿತ್ತು. ಆಸ್ಟ್ರೇಲಿಯಾದ ಜಿಂಕೆ ಇರಬಹುದು. ಅಲ್ಲಿ ಜಿಂಕೆ ಇದೆಯೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಕಾಂಗರೂ ಇರುವ ಕಡೆ ಜಿಂಕೆಗೂ ಜಾಗ ಸಿಕ್ಕೀತು.

ಅಡುಗೆಮನೆಯ ಕಡೆ ಒಮ್ಮೆ ನೋಡಿ, ಎರಡು ಬೆರಳಲ್ಲಿ ನಾಣ್ಯವನ್ನು ತಿರುಗಿಸಿದ. ಆ ಬದಿಯಲ್ಲಿ ಒಬ್ಬ ಗಡ್ಡದ ತಾತ. ತಾತನ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಸೌತ್ ಆಫ್ರಿಕಾ ಎಂದಿತ್ತು. ಹೋದ ವರ್ಷದ ಪೂಜೆಯ ಅರಿಸಿನ ಅಕ್ಷರಗಳ ಸಂದಿಯಲ್ಲಿ ತುಂಬಿಕೊಂಡು, ಹೆಸರು ಇನ್ನೂ ಚೆನ್ನಾಗಿ ಕಾಣುತ್ತಿತ್ತು.

"ಪೂಜೆಗೆ ಇಟ್ಟಿದ್ದನ್ನ ಯಾಕೋ ಮುಟ್ದೆ?" ಅಮ್ಮ ಸೌಟು ಹಿಡಿದೇ ಬಂದರು. ಬಗ್ಗಿ ನೋಡಿ ಅವರ ಮುಖ ಸ್ವಲ್ಪ ಸಡಿಲವಾಯಿತು. "ತಿರುಗಿಸಿದ್ದು ಒಳ್ಳೇದೇ ಆಯ್ತು ಬಿಡು. ನಾನು ಮುಖ ಕೆಳಗೆ ಮಾಡಿ ಇಟ್ಬಿಟ್ಟಿದ್ದೆ."

ಹಾಗೆಂದು ಉಂಗುರ ಬೆರಳಲ್ಲಿ ಕುಂಕುಮ ತೆಗೆದು, ಗಡ್ಡದ ತಾತನ ಹಣೆಗೆ ಒಂದು ಬೊಟ್ಟು ಇಟ್ಟು ಒಳಗೆ ಹೋದರು.

ಅನಂತ ಅಲ್ಲಿಯೇ ಕೂತ. ಜಿಂಕೆಯಾದರೆ ಹೇಗೋ ತಪ್ಪಿಸಿಕೊಳ್ಳಬಹುದಿತ್ತು.

ಅದು 1985ರ ನವರಾತ್ರಿಯ ಶುಕ್ರವಾರ. ಅಮೆರಿಕದ ಕ್ಯಾಂಪ್‌ಬೆಲ್ ಎಂಬ ಊರಿನ ಆ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ಗೊಂಬೆ ಕೂರಿಸಿ ಐದು ದಿನವಾಗಿತ್ತು. ರಟ್ಟಿನ ಪೆಟ್ಟಿಗೆಗಳನ್ನು ಮೆಟ್ಟಿಲಿನಂತೆ ಜೋಡಿಸಿ ಬಿಳಿ ಬೆಡ್‌ಶೀಟು ಹಾಸಿದ್ದರು. ಮೇಲೆ ಮೈಸೂರಿನಿಂದ ಬಂದ ಪಟ್ಟದ ಗೊಂಬೆಗಳು, ರಾಜ ಮತ್ತು ರಾಣಿ. ಕೆಳಗೆ ಅಕ್ಕಿ ಬೇಳೆ ಮಾರುತ್ತ ಕೂತ ಶೆಟ್ಟಿ, ಅವನ ಹೆಂಡತಿ. ಜಾಗ ಖಾಲಿ ಉಳಿಯಿತೆಂದು ಅನಂತನ ಮೂರು ಡೈನೋಸಾರುಗಳು. ಎಲ್ಲಕ್ಕಿಂತ ಮುಂದೆ, ಕಳಶದ ಎದುರಿಗೆ, ಶುಕ್ರವಾರದ ಲಕ್ಷ್ಮೀಪೂಜೆಗೆಂದು ಇವತ್ತು ಬೆಳಿಗ್ಗೆ ಇಟ್ಟ ಆ ಬೆಳ್ಳಿ ತಟ್ಟೆ.

ನಾಣ್ಯ ತಂದದ್ದು ಅಪ್ಪ, ಎರಡು ವರ್ಷದ ಹಿಂದೆ, ಬೋನಸ್ಸು ಬಂದಾಗ. ಇಪ್ಪತ್ತೆರಡು ಕ್ಯಾರೆಟ್ಟು, ನಮ್ಮೂರಿನ ಒಡವೆಯ ಹಾಗೆಯೇ, ಮುಂದೆ ಕರಗಿಸಿ ಮಗಳು ಇಂದುಗೆ ಬಳೆ ಮಾಡಿಸಬಹುದು ಎಂದು ಲೆಕ್ಕ ಹಾಕಿದ್ದರು. ಅದು ಯಾವ ದೇಶದ್ದು ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅನಂತನೂ ಕೇಳಿರಲಿಲ್ಲ.

ಕೇಳುವ ಹಾಗಾದದ್ದು ಈ ಬುಧವಾರ. ಬುಧವಾರ ಅವನ ಕ್ಲಾಸಿನಲ್ಲಿ ಪೇಪರಿನ ಸುದ್ದಿ ಕತ್ತರಿಸಿ ತಂದು ಮಾತಾಡುವ ದಿನ. ಮಿಸ್ ಹ್ಯಾನ್ಸನ್ ಒಂದು ಜಾಹೀರಾತು ತೋರಿಸಿದರು. ಅದರಲ್ಲಿ ಜಿಂಕೆಯ ಚಿನ್ನದ ನಾಣ್ಯ.

ಸೌತ್ ಆಫ್ರಿಕಾದಲ್ಲಿ ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ಬೆಂಚು, ಬೇರೆ ಬಸ್ಸು ಎಂದು ಅವರು ವಿವರಿಸಿದರು. ವೋಟು ಹಾಕುವಂತಿಲ್ಲ. ಎಲ್ಲಿ ಬೇಕೋ ಅಲ್ಲಿ ವಾಸ ಮಾಡುವಂತಿಲ್ಲ. ಆ ಸರ್ಕಾರಕ್ಕೆ ಈ ನಾಣ್ಯದಿಂದ ದುಡ್ಡು ಹೋಗುತ್ತದೆ. ಇದೇ ತಿಂಗಳು ಅಮೆರಿಕ ಈ ನಾಣ್ಯವನ್ನು ತರಿಸುವುದನ್ನು ನಿಲ್ಲಿಸಿದೆ.

ಕ್ಲಾಸಿನವರೆಲ್ಲ ಸೇರಿ ಒಂದು ಪೋಸ್ಟರು ಬರೆದರು. 'ಆ ದೇಶದ ವಸ್ತು ನಮ್ಮ ಮನೆಯಲ್ಲಿ ಇಲ್ಲ, ಕೊಳ್ಳುವುದೂ ಇಲ್ಲ.' ಮೊದಲ ಸಹಿ ಸಿಫೋನದು, ಯಾಕೆಂದರೆ ಅವನು ಆ ದೇಶದವನೇ. ಎರಡು ವರ್ಷದ ಹಿಂದೆ ಬಂದವನು, ಇದೇ ಅಪಾರ್ಟ್‌ಮೆಂಟಿನ ಹಿಂದಿನ ಬ್ಲಾಕಿನಲ್ಲಿ ಇರುವವನು, ಅನಂತನ ಬೆಂಚಿನವನು. ಎರಡನೆಯ ಸಹಿ ಅನಂತನದು. ಅದಕ್ಕೆ ಎರಡು ಸಾಲು ಬೇಕಾಯಿತು.

"ನಿನ್ನ ಹೆಸರು ಫ್ರೀವೇ ಥರ ಕಣೋ," ಎಂದಿದ್ದ ಸಿಫೋ. "ಎಕ್ಸಿಟ್ಟೇ ಬರಲ್ಲ."

ಸಹಿ ಹಾಕಿ ಸುಮ್ಮನೆ ಕೂರಬಹುದಿತ್ತು. ಅನಂತ ಕೂರಲಿಲ್ಲ. ಎದ್ದು ನಿಂತು, ಅಂಥ ನಾಣ್ಯ ಇಟ್ಟುಕೊಂಡವರ ಮನೆಗೆ ತಾನು ಕಾಲೇ ಇಡುವುದಿಲ್ಲ ಎಂದು ಹೇಳಿದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಸಿಫೋ.

ಇವತ್ತು ಸಂಜೆ ಐದೂವರೆಗೆ ಸಿಫೋ ಮತ್ತು ಅವನ ಅಮ್ಮ ಗೊಂಬೆ ನೋಡಲು ಬರುತ್ತಾರೆ. ಕರೆದದ್ದು ಅನಂತನೇ.

ಅವನು ಅಡುಗೆಮನೆಗೆ ಹೋದ. ಅಮ್ಮ ಕಡಲೆಕಾಳು ಉಸಲಿಗೆ ಒಗ್ಗರಣೆ ಹಾಕುತ್ತಿದ್ದರು.

"ಅಮ್ಮಾ, ಆ ಕಾಯಿನ್ನು ತೆಗೆದುಬಿಡೋಣ."

"ಯಾಕೆ?"

"ಅದು ಸೌತ್ ಆಫ್ರಿಕಾದ್ದು."

"ಇರ್ಲಿ ಬಿಡು. ಟೀವಿ ಜಪಾನಿಂದು, ಕುಕ್ಕರ್ ಮದ್ರಾಸಿಂದು. ನಾವು ಯಾವುದನ್ನ ವಾಪಸ್ ಕಳಿಸಿದೀವಿ?"

"ಅಲ್ಲಿಯ ಗೌರ್ಮೆಂಟು ಸರಿ ಇಲ್ಲಮ್ಮ."

"ಯಾವ ಗೌರ್ಮೆಂಟು ಸರಿ ಇದ್ಯೋ ಹೇಳು, ಅಲ್ಲಿಂದ ತರಿಸ್ತೀನಿ." ಅಮ್ಮ ಕಾಯಿತುರಿ ಉದುರಿಸಿದರು. "ನೋಡು, ಪೂಜೆಗೆ ಇಟ್ಟಿದ್ದನ್ನ ನಾಳೆ ಬೆಳಿಗ್ಗೆ ಕದಲಿಸೋವರೆಗೂ ಎತ್ತೋ ಹಾಗಿಲ್ಲ. ನಮ್ಮಮ್ಮ ಯಾವತ್ತೂ ಎತ್ತಿಲ್ಲ, ನಾನೂ ಎತ್ತಿಲ್ಲ. ಹೋಗಿ ಪೇಪರ್ ಪ್ಲೇಟು ಎಣಿಸಿಡು."

ಅನಂತ ಪ್ಲೇಟು ಎಣಿಸಲಿಲ್ಲ. ಬುಟ್ಟಿಯಿಂದ ಒಂದು ಹಿಡಿ ಸೇವಂತಿಗೆ ತಂದು ತಟ್ಟೆಗೆ ಸುರಿದ. ತಾತ ಪೂರ್ತಿ ಮುಚ್ಚಿಹೋದ. ಎರಡು ನಿಮಿಷದಲ್ಲಿ ಅಮ್ಮ ದೀಪಕ್ಕೆ ಎಣ್ಣೆ ಹಾಕಲು ಬಂದರು.

"ಲಕ್ಷ್ಮೀನ ಯಾರಾದರೂ ಮುಚ್ತಾರೇನೋ?" ಹೂವನ್ನೆಲ್ಲ ತೆಗೆದು ಕಳಶಕ್ಕೆ ಏರಿಸಿದರು. ತಾತ ಮತ್ತೆ ಹೊರಗೆ ಬಂದ.

ಸೋಫಾದ ಮೇಲೆ ಹೋಮ್‌ವರ್ಕ್ ಮಾಡುತ್ತಿದ್ದ ಅಕ್ಕ ಇಂದು ಇದನ್ನೆಲ್ಲ ನೋಡುತ್ತಿದ್ದಳು. ಅವಳಿಗೆ ಹದಿನಾಲ್ಕು ವರ್ಷ, ತಮ್ಮನ ಕಷ್ಟ ಎಲ್ಲಿದ್ದರೂ ವಾಸನೆ ಹತ್ತುತ್ತಿತ್ತು.

"ಅನಂತೂ, ಆ ತಾತ ನಿಂಗೇನೋ ಮಾಡಿದಾನೆ?"

"ಏನೂ ಇಲ್ಲ."

"ನನ್ನ ಬಳೆ ಅದು. ಕಣ್ಣು ಹಾಕ್ಬೇಡ."

ಕಾಲಿಂಗ್ ಬೆಲ್ಲು ಹೊಡೆಯಿತು. ಅನಂತನ ಕೈಗೆ ಸಿಕ್ಕಿದ್ದು ಶೆಟ್ಟಿ ಗೊಂಬೆ. ಅದನ್ನೆತ್ತಿ ತಟ್ಟೆಯ ಮುಂದೆ, ನಾಣ್ಯ ಕಾಣದ ಹಾಗೆ ಕುಕ್ಕಿದ. ಶೆಟ್ಟಿ ದೊಡ್ಡ ಹೊಟ್ಟೆಯವನು. ಹೆಂಡತಿಯನ್ನು, ಅಂಗಡಿಯನ್ನು ಬಿಟ್ಟು ದೇವರಿಗೆ ಬೆನ್ನು ಮಾಡಿಕೊಂಡು ಕೂತ.

ಸಿಫೋನ ಅಮ್ಮ ನೊಮ್ಸಾ ಆಂಟಿ ನರ್ಸು. ಕೆಲಸ ಮುಗಿಸಿ ನೇರವಾಗಿ ಬಂದಿದ್ದರು, ಬಿಳಿ ಶೂ ಬಾಗಿಲಲ್ಲೇ ಬಿಚ್ಚಿಟ್ಟರು. ಅಮ್ಮ ಅವರನ್ನು ಚಾಪೆಯ ಮೇಲೆ ಕೂರಿಸಿ, ಇಂಗ್ಲಿಷಿನಲ್ಲಿ ಒಂದೆರಡು ಮಾತು ಹೇಳಿ, ಹಣೆಗೆ ಕುಂಕುಮ ಇಟ್ಟರು. ನೊಮ್ಸಾ ಆಂಟಿ ಮುಖವನ್ನು ಅಲ್ಲಾಡಿಸದೆ, ಫೋಟೋಗೆ ಕೂತವರ ಹಾಗೆ ಕೂತಿದ್ದರು. ಅಲ್ಲಿಂದ ಮುಂದೆ ಎಲ್ಲರ ಮಾತೂ ಇಂಗ್ಲಿಷಿನಲ್ಲೇ ನಡೆಯಿತು.

ಸಿಫೋ ಉಸಲಿ ತಿನ್ನುತ್ತ ಗೊಂಬೆಗಳ ಮುಂದೆ ನಿಂತ.

"ಇವರು ರಾಜ, ರಾಣಿ," ಎಂದಳು ಇಂದು.

"ಡೈನೋಸಾರು?"

"ಅದು ಅನಂತೂದು. ರಾಜನ ಮನೆ ಕಾಯುತ್ತೆ."

"ಈ ದಪ್ಪಗಿರೋನು? ಅವನು ಯಾಕೆ ದಾರೀಲಿ ಕೂತಿದಾನೆ?"

"ಗೊತ್ತಿಲ್ಲ. ಆಗಿನಿಂದ ತುಂಬ ಓಡಾಡ್ತಿದಾನೆ," ಎಂದು ಇಂದು ತಮ್ಮನನ್ನು ಓರೆಗಣ್ಣಲ್ಲಿ ನೋಡಿ, ಶೆಟ್ಟಿಯನ್ನು ಎತ್ತಿ ಅವನ ಹೆಂಡತಿಯ ಪಕ್ಕದಲ್ಲಿ ಕೂರಿಸಿದಳು.

ಸಿಫೋ ಬಗ್ಗಿದ. ಅವನು ಅಗಿಯುವುದನ್ನು ನಿಲ್ಲಿಸಿದ್ದು ಅನಂತನಿಗೆ ಗೊತ್ತಾಯಿತು. ಅನಂತ ಡೈನೋಸಾರಿನ ಬಾಲವನ್ನು ನೋಡುತ್ತ ನಿಂತ. ಬುಧವಾರ ತಾನು ಆಡಿದ ಮಾತು ಒಂದೊಂದಾಗಿ ನೆನಪಾಯಿತು. ಈಗ ಸಿಫೋ ಚಪ್ಪಲಿ ಹಾಕಿಕೊಂಡು ಹೊರಟರೆ ತಪ್ಪೇನೂ ಇಲ್ಲ.

"ಮಾಮಾ," ಎಂದು ಸಿಫೋ ಕರೆದ. "ಇಲ್ಲಿ ನೋಡು."

ನೊಮ್ಸಾ ಆಂಟಿ ಎದ್ದು ಬಂದರು. ನಾಣ್ಯ ನೋಡಿದರು. ತಾತನ ಹಣೆಯ ಬೊಟ್ಟು ನೋಡಿದರು. ಆಮೇಲೆ ತಮ್ಮ ಹಣೆಯನ್ನು ಮುಟ್ಟಿ ನೋಡಿಕೊಂಡು, ನಗುವುದಕ್ಕೆ ಶುರು ಮಾಡಿದರು.

"ಬಿಳಿಯರ ಈ ಹಳೇ ಅಧ್ಯಕ್ಷನನ್ನೂ ನನ್ನನ್ನೂ ಒಂದೇ ಥರ ಮಾಡಿಬಿಟ್ಟಿರಲ್ಲ," ಎಂದರು ಅಮ್ಮನಿಗೆ. "ನಮ್ಮ ದೇಶದಲ್ಲಿ ಇದು ಇನ್ನೂ ಯಾರ ಕೈಲೂ ಆಗಿಲ್ಲ."

ಅಮ್ಮನಿಗೆ ಅರ್ಥವಾಗಲಿಲ್ಲ. ನಾಣ್ಯ ನೋಡಿದರು, ನೊಮ್ಸಾ ಆಂಟಿಯನ್ನು ನೋಡಿದರು, ಅನಂತನನ್ನು ನೋಡಿದರು. ಆಮೇಲೆ ಅವರ ಕೈ ನಿಧಾನವಾಗಿ ಬಾಯಿಗೆ ಹೋಯಿತು.

"ನಂಗೆ ಗೊತ್ತಿರಲಿಲ್ಲ," ಎಂದರು. "ಇವನು ಹೇಳೋಕೆ ಬಂದ. ನಾನು ಕೇಳಲಿಲ್ಲ."

ನೊಮ್ಸಾ ಆಂಟಿಯ ನಗು ನಿಂತಿತ್ತು. "ನಮ್ಮಪ್ಪ ಇಪ್ಪತ್ತೆರಡು ವರ್ಷ ಗಣಿಯಲ್ಲಿದ್ದರು," ಎಂದರು. "ವರ್ಷಕ್ಕೆ ಒಂದು ಸಲ ಮನೆಗೆ ಬರೋರು. ಚಿನ್ನ ಹೇಗಿರುತ್ತೆ ಅಂತ ನಾವು ಮಕ್ಕಳು ಕೇಳಿದರೆ, ನಾನೂ ನೋಡಿಲ್ಲ, ಬರೀ ಕಲ್ಲು ನೋಡಿದೀನಿ ಅನ್ನೋರು." ಆಮೇಲೆ ಕೇಳಿದರು, "ಒಂದು ಸಲ ಕೈಯಲ್ಲಿ ಹಿಡೀಬಹುದಾ?"

ಅನಂತ ಅಮ್ಮನನ್ನು ನೋಡಿದ. ಇಂದು ಕೂಡ ನೋಡಿದಳು. ದೀಪ ಉರಿಯುತ್ತಿತ್ತು. ಕದಲಿಸುವುದಕ್ಕೆ ಇನ್ನೂ ಒಂದು ರಾತ್ರಿ ಇತ್ತು.

ಅಮ್ಮ ಬಗ್ಗಿ, ತಟ್ಟೆಯಿಂದ ನಾಣ್ಯವನ್ನೆತ್ತಿ, ಕುಂಕುಮ ಒರೆಸದೆ ಹಾಗೆಯೇ ನೊಮ್ಸಾ ಆಂಟಿಯ ಅಂಗೈಯಲ್ಲಿ ಇಟ್ಟರು.

"ಇಷ್ಟು ಚಿಕ್ಕದು," ಎಂದರು ನೊಮ್ಸಾ ಆಂಟಿ. "ಆದರೆ ಭಾರ ಇದೆ."

"ನಮ್ಮಪ್ಪ ಕೋಲಾರದ ಚಿನ್ನದ ಗಣಿಯಲ್ಲಿ ಗುಮಾಸ್ತರು," ಅಮ್ಮ ಮೆಲ್ಲಗೆ ಹೇಳಿದರು. "ಕೆಳಗೆ ಇಳಿಯೋರ ಹಾಜರಿ ಬರೀತಿದ್ದರು. ಇಳಿದವರೆಲ್ಲ ಮೇಲೆ ಬಂದಮೇಲೆ ಮನೆಗೆ ಬರೋರು. ಕೆಲವು ದಿನ ಬಹಳ ತಡ ಆಗೋದು. ಆವತ್ತು ಊಟ ಮಾಡ್ತಿರಲಿಲ್ಲ."

ಇದನ್ನು ಅಮ್ಮ ಮಕ್ಕಳಿಗೆ ಯಾವತ್ತೂ ಹೇಳಿರಲಿಲ್ಲ. ಇಬ್ಬರು ಅಮ್ಮಂದಿರೂ ಅಂಗೈಯಲ್ಲಿದ್ದ ನಾಣ್ಯವನ್ನು ನೋಡುತ್ತ ನಿಂತಿದ್ದರು. ನೊಮ್ಸಾ ಆಂಟಿ ನಾಣ್ಯ ವಾಪಸು ಕೊಟ್ಟಾಗ, ಅಮ್ಮ ಅದನ್ನು ತಟ್ಟೆಗೆ ಹಾಕಲಿಲ್ಲ. ಸೆರಗಿನ ತುದಿಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಉಸಲಿ ಬಡಿಸಿದರು.

ಬೀಳ್ಕೊಡಲು ಅನಂತ ಹಿಂದಿನ ಬ್ಲಾಕಿನವರೆಗೂ ಹೋದ. ನೊಮ್ಸಾ ಆಂಟಿ ಮುಂದೆ ನಡೆಯುತ್ತಿದ್ದರು. ಸಿಫೋ ಕಲ್ಲೊಂದನ್ನು ಒದೆಯುತ್ತ ಬಂದ. ಬುಧವಾರದ ಮಾತು ಈಗ ಬರುತ್ತದೆ ಎಂದು ಅನಂತ ಕಾಯುತ್ತಿದ್ದ.

"ಆ ದಪ್ಪಗಿರೋನನ್ನ ಅಲ್ಲಿ ಇಟ್ಟಿದ್ದು ನೀನೇ ತಾನೆ?" ಎಂದ ಸಿಫೋ.

"ಹೂಂ."

"ನಮ್ಮಮ್ಮಂಗೆ ಬೇಜಾರಾಗಬಾರದು ಅಂತ ತಾನೆ?"

ಅನಂತ ಬಾಯಿ ತೆರೆದ. ಸಿಫೋ ಉತ್ತರಕ್ಕೆ ಕಾಯಲೇ ಇಲ್ಲ.

"ಗೊತ್ತಾಯ್ತು ಬಿಡು. ನೀನು ಒಳ್ಳೇ ಫ್ರೆಂಡು ಕಣೋ," ಎಂದು ಅವನ ಬೆನ್ನಿಗೊಂದು ಗುದ್ದು ಕೊಟ್ಟು ಮೆಟ್ಟಿಲು ಹತ್ತಿ ಓಡಿದ.

ಅನಂತ ಅಲ್ಲಿಯೇ ನಿಂತಿದ್ದ. ಗುದ್ದು ಬಿದ್ದ ಜಾಗ ಬೆಚ್ಚಗಿತ್ತು. ಶೆಟ್ಟಿಯನ್ನು ಎತ್ತಿ ಕುಕ್ಕುವಾಗ ನೊಮ್ಸಾ ಆಂಟಿಯ ನೆನಪು ಅವನಿಗೆ ಬಂದೇ ಇರಲಿಲ್ಲ.

ಅವರಿಬ್ಬರೂ ಮುಂದೆ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತರು. ನಾಣ್ಯವನ್ನು ಬಚ್ಚಿಟ್ಟದ್ದು ತನ್ನ ಮಾನ ಉಳಿಸಿಕೊಳ್ಳುವುದಕ್ಕೆ ಎಂದು ಅನಂತ ಸಿಫೋಗೆ ಹೇಳಲೇ ಇಲ್ಲ.